ತಾರೀಕಿನ ಚೀಟಿ

ಪಣಜಿಯ ವಾಚನಾಲಯದ ಹಿಂದಿನ ಕೋಣೆಯಲ್ಲಿ
ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವವಳು ನಾನು.
ಮೈದಾ ಅಂಟು, ಅದಕ್ಕೊಂದು ಚಿಟಿಕೆ ಮೈಲುತುತ್ತ.
ಮಾಂಡೋವಿಯ ಗಾಳಿಗೆ ಇಲ್ಲಿ
ಹುಳಗಳಿಗೇ ಓದುವ ಹುಚ್ಚು ಜಾಸ್ತಿ.

ಆ ದಿನ ಬಂದದ್ದು ರಿಪೇರಿಗಲ್ಲ, ರದ್ದಿಗೆ:
ಒಂದು ಗೋಣಿಚೀಲ, ಎಪ್ಪತ್ತೆರಡು ಪುಸ್ತಕ.
ಹತ್ತು ವರ್ಷ ಯಾರೂ ಒಯ್ಯದಿದ್ದರೆ ತೆಗೆ, ಇದು ಕಾಯಿದೆ.
ಬೆನ್ನು ಕಿತ್ತ ಒಂದನ್ನು ತಿರುಗಿಸಿದೆ.
ಹಿಂಬದಿಯಲ್ಲಿ ನನ್ನ ಅಜ್ಜಿ.

ಅಜ್ಜಿಯಲ್ಲ, ಗೊತ್ತು.
ಅಜ್ಜಿ ಯಲ್ಲಾಪುರದ ಸಂತೆಗೂ ಟೋಪಿ ಹಾಕಿ ಹೋದವಳಲ್ಲ.
ಆದರೆ ಆ ಹಣೆ, ಬಾಚಣಿಗೆಯ ಹಲ್ಲು ಮುರಿಯುವ ಆ ಕೂದಲು,
‘ನಿನ್ನದು ಮುಗಿಯಲಿ, ಆಮೇಲೆ ನನ್ನದಿದೆ’
ಎಂದು ಕಾದು ಕೂತ ಆ ತುಟಿ.

ಕುಂದಾಬಾಯಿ ಕನ್ನಡಕ ಏರಿಸಿ ಕೊಂಕಣಿಯಲ್ಲಿ ಹೇಳಿದಳು:
ಅಮೆರಿಕದ ಕಪ್ಪು ಜನದವಳು.
ಹಗಲು ಬಿಳಿಯರ ಬಟ್ಟೆ ಒಗೆದು
ರಾತ್ರಿ ಇಸ್ತ್ರಿ ಮೇಜಿನ ಮೇಲೆ ಬರೆದವಳು.
ತನ್ನ ಜನ ಆಡಿದ್ದನ್ನು ಆಡಿದ ಹಾಗೇ
ಎಲ್ಲರಿಗಿಂತ ಮೊದಲು ಅಚ್ಚಿಗೆ ಕೊಟ್ಟವಳು.
ತಪ್ಪು ಇಂಗ್ಲಿಷ್ ಎಂದು ನಕ್ಕರಂತೆ.
ತಿದ್ದಲಿಲ್ಲವಂತೆ.

ಆ ‘ತಿದ್ದಲಿಲ್ಲವಂತೆ’
ಬಂಗುಡೆಯ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತು.
ನಾಲ್ಕನೇ ಇಯತ್ತೆಯಲ್ಲಿ ಮಾಸ್ತರು ನನ್ನ ಕನ್ನಡ ಕೇಳಿ
‘ಇದು ಯಾವ ಕಾಡಿನದು?’ ಅಂದಿದ್ದರು.
ಅಂದಿನಿಂದ ಒಳಗೊಳಗೇ ಒಮ್ಮೆ ತಿದ್ದಿಕೊಳ್ಳದೆ
ಬಾಯಿ ತೆರೆದವಳಲ್ಲ ನಾನು,
ಬಸ್ಸಿನ ಕಂಡಕ್ಟರನ ಮುಂದೆಯೂ.

ಚೀಟಿಯ ಮೇಲೆ ಒಂದೇ ತಾರೀಕು, ಎಂಬತ್ತೊಂದನೇ ಇಸವಿಯದು.
ಯಾರೋ ಒಯ್ದು, ಮಳೆಯಲ್ಲಿ ನೆನೆಸಿ,
ಐವತ್ತು ಪೈಸೆ ದಂಡ ಕಟ್ಟಿದ್ದರು.
ಓದಿದರೋ ಇಲ್ಲವೋ, ದೇವರಿಗೆ ಗೊತ್ತು.

ನನಗೆ ಇಂಗ್ಲಿಷ್ ಅಕ್ಷರ ಕೂಡಿಸಿದರೆ
ಗಂಟೆಗೆ ಮೂರು ಸಾಲು, ಅರ್ಥ ಅರ್ಧ.
ಆದರೂ ಕಾರ್ಡು ಮಾಡಿಸಿದೆ: ಕಾರ್ಮೆಲಿನ ಬಸ್ತ್ಯಾಂವ ಸಿದ್ದಿ.
ಒಯ್ದೆ. ಹದಿನಾಲ್ಕು ದಿನಕ್ಕೆ ತಂದೆ.
ಮಡಗಾಂವದ ಹೋಟೆಲಿನಲ್ಲಿ ಪಾತ್ರೆ ತಿಕ್ಕುವ ಪಾಸ್ಕಿನ ಒಯ್ದಳು.
ವಾಸ್ಕೋ ಬಂದರಿನ ಹಮಾಲ ಇನಾಸ ಒಯ್ದು
ತಲೆದಿಂಬಿನ ಕೆಳಗಿಟ್ಟು ಮಲಗಿದ,
ಕನಸು ಏನೂ ಬೀಳಲಿಲ್ಲ ಎಂದು ದೂರಿದ.
ಮಾಪುಸಾದ ಹುಸೇನಬಿ ಒಯ್ದಳು
(ನಮ್ಮಲ್ಲಿ ಹುಸೇನಬಿಯೂ ಉಂಟು, ಲಕ್ಷ್ಮಿಯೂ ಉಂಟು).
ಕಾಲೇಜಿಗೆ ಹೋಗುವ ಅವಳ ಮಗಳು ಮಾತ್ರ
ನಿಜಕ್ಕೂ ಓದಿದಳು. ಫೋನು ಮಾಡಿ
ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು:
‘ಮೌಶಿ, ನಲವತ್ತನೇ ಪುಟದಲ್ಲಿ
ನಿನ್ನ ಹಾಗೇ ಬೈಯುವವಳೊಬ್ಬಳಿದ್ದಾಳೆ.’

ಕುಂದಾಬಾಯಿ ಠಸ್ಸೆ ಎತ್ತಿ ಹಿಡಿದು ಕೇಳಿದಳು,
‘ಇವರೆಲ್ಲ ಓದುತ್ತಾರಾ?’
‘ಒಯ್ಯುತ್ತಾರೆ’ ಅಂದೆ.
ಠಸ್ಸೆ ಒತ್ತಿದಳು.

ಭಾನುವಾರ ಹಳೆಗೋವೆಗೆ ಹೋಗುತ್ತೇನೆ, ಪೂಜೆಗೆ.
ಇಗರ್ಜಿಯ ಕೆಳಗೆ ನದಿಯ ಕಟ್ಟೆ.
ಅಲ್ಲೇ ಇಳಿಸಿದರಂತೆ ನಮ್ಮವರನ್ನು,
ಬಾಯಿ ತೆರೆಸಿ ಹಲ್ಲು ಎಣಿಸಿದರಂತೆ.
ಲೆಕ್ಕದ ಪುಸ್ತಕದಲ್ಲಿ ಎತ್ತರವಿತ್ತು, ವಯಸ್ಸಿತ್ತು, ಬೆಲೆಯಿತ್ತು.
ಹೆಸರು ಆಮೇಲೆ, ತಲೆಗೆ ನೀರು ಹೊಯ್ದ ಮೇಲೆ.
ನನ್ನದೂ ಆ ನೀರಿನದೇ ಹೆಸರು.
ಈಗ ಚೀಟಿಯ ಮೇಲೆ, ತಾರೀಕಿನ ಪಕ್ಕ,
ನನ್ನದೇ ಸೊಟ್ಟ ಕೈಬರಹದಲ್ಲಿದೆ. ಇನಾಸನದು ಹೆಬ್ಬೆಟ್ಟು.

ಈ ವಾರ ಚೀಟಿ ತುಂಬಿತು. ಬೆನ್ನು ಮತ್ತೆ ಸಡಿಲ,
ಈ ಸಲ ಕೈಯಿಂದ ಕೈಗೆ ಹೋಗಿ.
ಅಜ್ಜಿ ಕೌದಿ ಹೊಲಿಯುವಾಗ ಹೇಳುತ್ತಿದ್ದಳು:
ಮೂಲೆಗೆ ಫುಲಾ ಇಡದ ಕೌದಿ ಬತ್ತಲೆ,
ಯಾವ ಮಗುವಿಗೂ ಹೊದಿಸಬೇಡ.
ರಟ್ಟಿನ ಮೂಲೆಗೆ ಸರಕಾರದ ಕಪ್ಪು ಬಟ್ಟೆ ಬಿಟ್ಟು
ನನ್ನ ಹಳೇ ಕೆಂಪು ಸೀರೆಯ ಚೂರು
ಮಡಚಿ, ಮಡಚಿ, ಮುಮ್ಮೂಲೆ ಮಾಡಿ ಅಂಟಿಸಿದೆ.
ಹೊಸ ಚೀಟಿಯನ್ನೂ.

ಒಣಗಲು ಒಂದು ರಾತ್ರಿ ಬೇಕು.
ಭಾರಕ್ಕೆ ಮೇಲಿಟ್ಟದ್ದು ಪೋರ್ಚುಗೀಸರ ಕಾಲದ ನಿಘಂಟು,
ಚರ್ಮದ ರಟ್ಟಿನದು, ಮೂರು ಸೇರು ತೂಕ.
ಪಾಪ, ಅದನ್ನೂ ಯಾರೂ ಒಯ್ಯುವುದಿಲ್ಲ.